ರ‍್ಯಾಮ್ ಹಾಕಿದ ಮೇಲೆ ಬೀಪ್ ಸದ್ದು, ನೀಲಿ ಪರದೆ: ಹೊಸ ಮಷೀನ್ ತಗೊಳ್ಳುವ ಮೊದಲು

ಪ್ರಶ್ನೆ: ನಾನು ಕಟಪಾಡಿಯಲ್ಲಿ ಮನೆಯಲ್ಲೇ ಮದುವೆ ಆಲ್ಬಂ ಡಿಸೈನ್ ಮಾಡುತ್ತೇನೆ. 2014ರಲ್ಲಿ ಜೋಡಿಸಿದ ಕಂಪ್ಯೂಟರ್. ಇಂಟೆಲ್ ಐ3 ನಾಲ್ಕನೇ ತಲೆಮಾರು, ಎಚ್81 ಮದರ್‌ಬೋರ್ಡ್, 4 ಜಿಬಿ ಡಿಡಿಆರ್3 ರ‍್ಯಾಮ್, ವಿಂಡೋಸ್ 10. ಫೋಟೋಶಾಪ್ ತುಂಬಾ ಸ್ಲೋ ಅಂತ ಆನ್‌ಲೈನ್‌ನಲ್ಲಿ 8 ಜಿಬಿ ರ‍್ಯಾಮ್ ತರಿಸಿ ಖಾಲಿ ಸ್ಲಾಟ್‌ಗೆ ಹಾಕಿದೆ. ಮೊದಲ ದಿನ ಆನ್ ಆಯ್ತು. 12 ಜಿಬಿ ಅಂತ ತೋರಿಸ್ತು, ಆದರೆ ಪಕ್ಕದಲ್ಲಿ 3.41 ಜಿಬಿ ಮಾತ್ರ ಬಳಸಬಹುದು ಅಂತ ಇತ್ತು. ಸ್ಪೀಡ್ ಏನೂ ಜಾಸ್ತಿ ಆಗಲಿಲ್ಲ. ಎರಡು ಸಲ ನೀಲಿ ಪರದೆ ಬಂದು ರೀಸ್ಟಾರ್ಟ್ ಆಯ್ತು. ಈಗ ಒಂದು ವಾರದಿಂದ ಆನ್ ಮಾಡಿದರೆ ಬರೀ ಬೀಪ್ ಬೀಪ್, ಪರದೆ ಕಪ್ಪು. ಹೊಸ ರ‍್ಯಾಮ್ ತೆಗೆದರೂ ಒಮ್ಮೊಮ್ಮೆ ಮಾತ್ರ ಆನ್ ಆಗುತ್ತದೆ. ಅಂಗಡಿಯಲ್ಲಿ ಬೋರ್ಡ್ ಹೋಗಿದೆ, ಹೊಸ ಮಷೀನೇ ತಗೊಳ್ಳಿ ಅಂದರು. ಮದುವೆ ನಡೆಯದ ಆಟಿ ತಿಂಗಳು ಕಳೆದ ಮೇಲೆ ಕೆಲಸ ಜೋರಾಗುತ್ತದೆ. ಏನು ಮಾಡಲಿ ಸರ್?

ಉತ್ತರ: ಸದ್ಯಕ್ಕೆ ಹೊಸ ಮಷೀನ್ ತಗೊಳ್ಳಬೇಡಿ. ನಿಮ್ಮ ಪತ್ರದಲ್ಲೇ ಒಂದು ಒಳ್ಳೆಯ ಸುದ್ದಿ ಇದೆ. ಮೊದಲ ದಿನ 12 ಜಿಬಿ ತೋರಿಸಿತು ಅಂದಿರಿ, ಅಲ್ವಾ? ಹಾಗಾದರೆ ಆ ದಿನ ಎರಡೂ ಸ್ಲಾಟ್ ಕೆಲಸ ಮಾಡುತ್ತಿದ್ದವು. ಹೊಸ ರ‍್ಯಾಮ್ ನಿಮ್ಮ ಬೋರ್ಡ್‌ಗೆ ಹೊಂದುವಂಥದ್ದೇ. ಇಲ್ಲದಿದ್ದರೆ ಒಂದು ಸಲವೂ 12 ಜಿಬಿ ತೋರಿಸುತ್ತಿರಲಿಲ್ಲ. ಇನ್ನೊಂದು ಸುಳಿವು ಇದೆ. ಹೊಸದನ್ನು ತೆಗೆದ ಮೇಲೂ ಒಮ್ಮೊಮ್ಮೆ ಮಾತ್ರ ಆನ್ ಆಗುತ್ತದೆ ಅಂದಿರಿ. ವರ್ಷಗಟ್ಟಲೆ ತೊಂದರೆ ಕೊಡದ ಹಳೆಯ ರ‍್ಯಾಮ್ ಕೂಡ ಈಗ ಹಟ ಮಾಡುತ್ತಿದೆ. ಹಾಗಾಗಿ ತಪ್ಪು ಹೊಸ ರ‍್ಯಾಮ್‌ನದ್ದು ಮಾತ್ರ ಅಲ್ಲ. ಒಮ್ಮೆ ಬರುವುದು, ಒಮ್ಮೆ ಬಾರದಿರುವುದು ಸಾಮಾನ್ಯವಾಗಿ ಸತ್ತ ಬೋರ್ಡಿನ ಲಕ್ಷಣ ಅಲ್ಲ. ಎಲ್ಲೋ ಸಂಪರ್ಕ ಸರಿಯಾಗಿ ಕೂತಿಲ್ಲ ಅನ್ನುವುದರ ಲಕ್ಷಣ.

ನನಗೆ ಕಾಣುವುದು ಮೂರು ಬೇರೆ ಬೇರೆ ತೊಂದರೆಗಳು. ಬೀಪ್ ಒಂದು. 3.41 ಜಿಬಿ ಇನ್ನೊಂದು. ನೀಲಿ ಪರದೆ ಮತ್ತೊಂದು. ಮೂರೂ ಹಿಂದುಮುಂದಾಗಿ ಬಂದದ್ದರಿಂದ ಎಲ್ಲದಕ್ಕೂ ಒಂದೇ ಕಾರಣ ಅನ್ನಿಸಿಬಿಡುತ್ತದೆ. ಅಂಗಡಿಯವರಿಗೂ ಹಾಗೇ ಅನ್ನಿಸಿರಬೇಕು. ಅವರ ಮೇಲೆ ಸಿಟ್ಟು ಬೇಡ. ಹತ್ತು ಮಷೀನ್ ಮೇಜಿನ ಮೇಲೆ ಇದ್ದಾಗ ಒಂದೊಂದು ಸ್ಲಾಟನ್ನೂ ಕೂತು ನೋಡುವಷ್ಟು ಪುರುಸೊತ್ತು ಅವರಿಗೆ ಸಿಗುವುದಿಲ್ಲ. ನಿಮಗೆ ಸಿಗುತ್ತದೆ. ಒಂದು ಮಧ್ಯಾಹ್ನ ಮತ್ತು ಒಂದು ರಾತ್ರಿ ಸಾಕು. ಆದರೆ ನಾನು ಹೇಳುವ ಕ್ರಮದಲ್ಲೇ ಮಾಡಿ. ಕ್ರಮ ತಪ್ಪಿದರೆ ಒಳ್ಳೆಯ ವಿಂಡೋಸನ್ನೂ ಕೆಡಿಸಿಕೊಳ್ಳುತ್ತೀರಿ.

ಎಲ್ಲಕ್ಕಿಂತ ಮೊದಲು ಒಂದು ಕೆಲಸ ನಿಲ್ಲಿಸಿ. ಅಪ್ಪಿತಪ್ಪಿ ಮಷೀನ್ ಆನ್ ಆದರೆ ಅದರಲ್ಲಿ ಗಿರಾಕಿಗಳ ಫೋಟೋ ತೆರೆದು ಸೇವ್ ಮಾಡಬೇಡಿ. ಮದುವೆ ಫೋಟೋ ಇರುವ ಮೆಮೊರಿ ಕಾರ್ಡನ್ನು ಅದಕ್ಕೆ ಕಾಪಿ ಮಾಡಿ, ಆಮೇಲೆ ಕಾರ್ಡ್ ಫಾರ್ಮ್ಯಾಟ್ ಮಾಡುವುದಂತೂ ಬೇಡವೇ ಬೇಡ. ರ‍್ಯಾಮ್ ಕೆಟ್ಟರೆ ಮಷೀನ್ ನಿಲ್ಲುವುದು ಮಾತ್ರ ಅಲ್ಲ. ಫೈಲ್ ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಹೋಗುವಾಗ ರ‍್ಯಾಮ್ ಮೂಲಕವೇ ಹೋಗುತ್ತದೆ. ಅಲ್ಲಿ ಒಂದು ಬಿಟ್ ತಿರುಗಿದರೂ ತಪ್ಪಾದ ಫೈಲೇ ಸೇವ್ ಆಗುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ತಿಂಗಳಾದ ಮೇಲೆ ತೆರೆದಾಗ ಅರ್ಧ ಫೋಟೋ ಬೂದು ಬಣ್ಣ. ಮದುವೆ ಮತ್ತೊಮ್ಮೆ ನಡೆಯುವುದಿಲ್ಲ. ಹಾಗಾಗಿ ಕೈಯಲ್ಲಿರುವ ಆರ್ಡರ್‌ಗಳನ್ನು ಸದ್ಯ ಬೇರೆಯವರ ಮಷೀನ್‌ನಲ್ಲಿ ಮಾಡಿ. ಈಗಲೇ ಬ್ಯಾಕಪ್ ಬೇಕು ಅಂದರೆ ಹಾರ್ಡ್‌ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಸಿಕ್ಕಿಸಿ ಕಾಪಿ ಮಾಡಿಸಿ.

ಈಗ ಬೀಪ್. ಮೆಮೊರಿ, ಅಂದರೆ ರ‍್ಯಾಮ್, ಸಿಗದಿದ್ದರೆ ಬೋರ್ಡ್ ಪರದೆಯ ಮೇಲೆ ಏನೂ ಬರೆಯಲಾರದು. ಅದಕ್ಕೇ ಸದ್ದು ಮಾಡುತ್ತದೆ. ಒಂದೊಂದು ಕಂಪನಿಯ ಬೋರ್ಡ್‌ಗೆ ಒಂದೊಂದು ಲೆಕ್ಕ ಇದೆ. ಆದರೂ ನಿಲ್ಲದೆ ಬರುವ ಬೀಪ್ ಹೆಚ್ಚಿನ ಬೋರ್ಡ್‌ಗಳಲ್ಲಿ ರ‍್ಯಾಮ್ ಕಡೆಗೇ ಬೆರಳು ತೋರಿಸುತ್ತದೆ. ಬೋರ್ಡ್ ಬೀಪ್ ಹೊಡೆಯಬೇಕಾದರೆ ಪ್ರೊಸೆಸರ್ ಮತ್ತು ಬಯೋಸ್ (ಆನ್ ಮಾಡಿದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಎದ್ದಿರಬೇಕು. ಪೂರ್ತಿ ಸತ್ತ ಬೋರ್ಡ್ ಸದ್ದೇ ಮಾಡುವುದಿಲ್ಲ.

ನಮ್ಮ ಕರಾವಳಿಯಲ್ಲಿ ಈ ತೊಂದರೆ ಮಳೆಗಾಲದಲ್ಲಿ ಜಾಸ್ತಿ. ಕಟಪಾಡಿಯಿಂದ ಕಡಲು ಎಷ್ಟು ದೂರ? ಗಾಳಿಯಲ್ಲಿ ಉಪ್ಪು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ತೇವ. ರ‍್ಯಾಮ್‌ನ ಕಾಲುಗಳಿಗೆ ಚಿನ್ನದ ಲೇಪ ಇರುತ್ತದೆ. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ. ಆದರೆ ಲೇಪ ಬಹಳ ತೆಳು. ಅದರ ಸಣ್ಣ ಸಣ್ಣ ತೂತುಗಳಲ್ಲಿ ಕೆಳಗಿನ ಲೋಹ ಕೆಡುತ್ತದೆ. ಮೇಲೆ ಧೂಳು, ತೇವ ಸೇರಿ ಒಂದು ಪೊರೆ ಕಟ್ಟುತ್ತದೆ. ಕಡಿಮೆ ಬೆಲೆಯ ರ‍್ಯಾಮ್‌ನಲ್ಲಿ ಲೇಪ ಇನ್ನೂ ತೆಳು. ಎಷ್ಟೋ ವರ್ಷ ಅಲುಗಾಡದೆ ಕೂತಿದ್ದ ಹಳೆಯ ರ‍್ಯಾಮನ್ನು ಕೈಯಾಡಿಸುವಾಗ ಸ್ವಲ್ಪ ಸರಿಸಿದರೂ ಸಾಕು, ಅದು ಹೊಸ ಜಾಗದಲ್ಲಿ ಪೊರೆಯ ಮೇಲೆ ಕೂರುತ್ತದೆ. ನಿಮ್ಮಲ್ಲಿ ಹಾಗೇ ಆಗಿರಬೇಕು ಅಂತ ನನ್ನ ಅಂದಾಜು. ಇರುವೆ, ಹಲ್ಲಿಗಳ ಕಾಟವೂ ನಮ್ಮಲ್ಲಿ ಉಂಟು. ಬೆಚ್ಚಗಿನ ಕ್ಯಾಬಿನೆಟ್ ಅವಕ್ಕೆ ಇಷ್ಟ. ಸ್ಲಾಟಿನ ಒಳಗೆ ಇರುವೆ ಸತ್ತು ಬಿದ್ದಿದ್ದರೂ ರ‍್ಯಾಮ್ ಕೂರುವುದಿಲ್ಲ. ಟಾರ್ಚ್ ಹಿಡಿದು ನೋಡಿ.

ಬಿಚ್ಚುವ ಮೊದಲು ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದುಬಿಡಿ. ಯುಪಿಎಸ್ ಇದ್ದರೆ ಅದರಿಂದಲೂ ತೆಗೆಯಿರಿ. ಆಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಇಳಿಯುತ್ತದೆ. ಗುಡುಗು ಮಿಂಚು ಇರುವಾಗ ಈ ಕೆಲಸಕ್ಕೆ ಕೂರಬೇಡಿ. ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ಮಳೆಗಾಲದ ತೇವದಲ್ಲಿ ಮೈಯಲ್ಲಿ ಸ್ಥಿರ ವಿದ್ಯುತ್ ಕಡಿಮೆ. ಆದರೆ ಎಸಿ ಕೋಣೆಯಲ್ಲಿ ಕೆಲಸ ಮಾಡುವವರು, ನೈಲಾನ್ ಬಟ್ಟೆ ಹಾಕಿದವರು ನಡುನಡುವೆ ಮುಟ್ಟುತ್ತಾ ಇರಬೇಕು. ಮರದ ಮೇಜಿನ ಮೇಲೆ ಕ್ಯಾಬಿನೆಟ್ ಮಲಗಿಸಿ. ಎಡಬದಿಯ ಬಾಗಿಲು ಹಿಂದಿನ ಎರಡು ಸ್ಕ್ರೂ ತೆಗೆದರೆ ಬರುತ್ತದೆ.

ಸ್ಲಾಟಿನ ತುದಿಯ ಕ್ಲಿಪ್‌ಗಳನ್ನು ಹೊರಕ್ಕೆ ಒತ್ತಿದರೆ ರ‍್ಯಾಮ್ ತಾನೇ ಮೇಲೆ ಬರುತ್ತದೆ. ಎಳೆಯಬೇಡಿ. ಅಂಚು ಹಿಡಿದು ತೆಗೆಯಿರಿ, ಕಾಲುಗಳನ್ನು ಮುಟ್ಟಬೇಡಿ. ನಮ್ಮ ಟೆಕ್ನಿಷಿಯನ್‌ಗಳು ಎಲ್ಲದಕ್ಕೂ ರಬ್ಬರ್ ಹಾಕಿ ಉಜ್ಜುತ್ತಾರೆ. ಪೆನ್ಸಿಲ್ ಅಳಿಸುವ ಮೆತ್ತಗಿನ ಬಿಳಿ ರಬ್ಬರ್ ಆದರೆ ಹಗುರಾಗಿ ಒಂದೆರಡು ಸಲ ಪರವಾಗಿಲ್ಲ. ಶಾಯಿ ಅಳಿಸುವ ಒರಟು ರಬ್ಬರ್ ಬೇಡ. ಅದು ಚಿನ್ನದ ಲೇಪವನ್ನೇ ಕೆರೆದು ಹಾಕುತ್ತದೆ, ಮುಂದಿನ ಮಳೆಗಾಲಕ್ಕೆ ತೊಂದರೆ ಡಬಲ್. ನನ್ನ ಆಯ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್. ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾರುವವರ ಹತ್ತಿರ ಕೇಳಿ. ಶೇಕಡಾ 99ರದ್ದು ಸಿಕ್ಕಿದರೆ ಒಳ್ಳೆಯದು, ನೀರಿನ ಅಂಶ ಕಡಿಮೆ. ಲೆನ್ಸ್ ಒರೆಸುವ ಬಟ್ಟೆಗೆ ಸ್ವಲ್ಪ ಹಾಕಿ ಕಾಲುಗಳನ್ನು ಎರಡೂ ಬದಿ ಒರೆಸಿ, ಪೂರ್ತಿ ಒಣಗಲು ಬಿಡಿ. ಪೆಟ್ರೋಲ್, ಥಿನ್ನರ್, ಸೆಂಟ್, ಎಣ್ಣೆಯ ಸ್ಪ್ರೇ ಯಾವುದೂ ಬೇಡ.

ಸ್ಲಾಟಿನ ಧೂಳಿಗೆ ನಿಮ್ಮ ಹತ್ತಿರವೇ ಒಳ್ಳೆಯ ಸಾಧನ ಇರಬಹುದು. ಕ್ಯಾಮೆರಾಕ್ಕೆ ಗಾಳಿ ಹಾಕುವ ರಬ್ಬರ್ ಬ್ಲೋವರ್. ಅದನ್ನೇ ಬಳಸಿ. ಬಾಯಿಯಿಂದ ಊದಿದರೆ ಎಂಜಲಿನ ತೇವ ಒಳಗೆ ಹೋಗುತ್ತದೆ. ಪಿನ್, ಸೂಜಿ, ಬ್ರಷ್ಷಿನ ಗಟ್ಟಿ ತುದಿ ಯಾವುದನ್ನೂ ಸ್ಲಾಟಿನೊಳಗೆ ತೂರಿಸಬೇಡಿ.

ತಿರುಗಿ ಹಾಕುವಾಗಲೇ ಹೆಚ್ಚಿನವರು ಎಡವುವುದು. ಡಿಡಿಆರ್3 ರ‍್ಯಾಮ್‌ನ ಕೆಳಗಿನ ಕಚ್ಚು ನಡುವಿನಲ್ಲಿ ಇರುವುದಿಲ್ಲ, ಒಂದು ಬದಿಗೆ ಇರುತ್ತದೆ. ಸ್ಲಾಟಿನ ಉಬ್ಬಿಗೆ ಅದು ಸರಿಯಾಗಿ ಕೂರಬೇಕು. ಎರಡೂ ಹೆಬ್ಬೆರಳು ಎರಡು ತುದಿಯಲ್ಲಿಟ್ಟು ನೇರ ಕೆಳಗೆ ಒತ್ತಿ. ಮೊದಲು ಒಂದು ಬದಿ, ಆಮೇಲೆ ಇನ್ನೊಂದು ಅಂತ ಓರೆ ಮಾಡಬೇಡಿ. ಕ್ಲಿಪ್ ತಾನೇ ಮೇಲೆದ್ದು ಟಕ್ ಅನ್ನಬೇಕು. ಅದನ್ನು ಕೈಯಿಂದ ಎಳೆದು ಮುಚ್ಚಿದರೆ ಒಳಗೆ ಕೂತಿದೆ ಅಂತ ಅರ್ಥ ಅಲ್ಲ. ಒತ್ತುವಾಗ ಬೋರ್ಡ್ ಸ್ವಲ್ಪ ಬಾಗಿದ ಹಾಗೆ ಕಾಣುತ್ತದೆ. ಅದಕ್ಕೆ ಹೆದರಿ ಅರ್ಧಕ್ಕೇ ಬಿಡುವವರು ಬಹಳ. ಆದರೆ ಕಚ್ಚು ಕೂರದೆ ಇದ್ದರೆ ಮಾತ್ರ ಬಲ ಹಾಕಬಾರದು. ತಿರುಗಿಸಿ ನೋಡಿ.

ಒರೆಸಿದ ಕೂಡಲೇ ಎರಡನ್ನೂ ಒಟ್ಟಿಗೆ ಹಾಕಿ ಆನ್ ಮಾಡಬೇಡಿ. ಒಂದೊಂದಾಗಿ ನೋಡಬೇಕು. ಹಳೆಯದನ್ನು ಮೊದಲ ಸ್ಲಾಟ್‌ಗೆ ಹಾಕಿ ಆನ್ ಮಾಡಿ. ಆಫ್ ಮಾಡಿ ಎರಡನೆಯದಕ್ಕೆ ಹಾಕಿ ಆನ್ ಮಾಡಿ. ಹೊಸದಕ್ಕೂ ಹಾಗೇ. ಪ್ರತಿ ಸಲ ಪ್ಲಗ್ ತೆಗೆದೇ ಬದಲಿಸಿ. ಏನಾಯ್ತು ಅಂತ ಒಂದು ಚೀಟಿಯಲ್ಲಿ ಬರೆಯಿರಿ, ನೆನಪಿನಲ್ಲಿ ಇಟ್ಟುಕೊಂಡರೆ ಗೊಂದಲ ಆಗುತ್ತದೆ. ಆನ್ ಮಾಡಿದ ಮೇಲೆ ಒಂದೆರಡು ನಿಮಿಷ ಕಾಯಿರಿ. ರ‍್ಯಾಮ್ ಬದಲಾದಾಗ ಕೆಲವು ಬೋರ್ಡ್ ತಾನೇ ಆಫ್ ಆಗಿ ಮತ್ತೆ ಆನ್ ಆಗುವುದುಂಟು.

ಈ ಚೀಟಿ ಬಹಳಷ್ಟು ಹೇಳುತ್ತದೆ. ಒಂದು ರ‍್ಯಾಮ್ ಯಾವ ಸ್ಲಾಟಿನಲ್ಲೂ ಬರುವುದಿಲ್ಲ, ಇನ್ನೊಂದು ಎರಡರಲ್ಲೂ ಬರುತ್ತದೆ ಅಂದರೆ ರ‍್ಯಾಮೇ ಕೆಟ್ಟಿದೆ. ಹೊಸದು ಆದರೆ ವಾರಂಟಿಯಲ್ಲಿ ಬದಲಿಸಿಕೊಳ್ಳಿ. ಎರಡೂ ರ‍್ಯಾಮ್ ಒಂದು ಸ್ಲಾಟಿನಲ್ಲಿ ಬಂದು ಇನ್ನೊಂದರಲ್ಲಿ ಬರದಿದ್ದರೆ ತೊಂದರೆ ಸ್ಲಾಟಿನ ದಾರಿಯಲ್ಲಿದೆ. ಆಗಲೂ ಬೋರ್ಡ್ ಹೋಯ್ತು ಅನ್ನುವ ಮೊದಲು ಪ್ರೊಸೆಸರ್ ಕಡೆ ನೋಡಬೇಕು. ಇಂಟೆಲ್‌ನಲ್ಲಿ ರ‍್ಯಾಮನ್ನು ನಡೆಸುವ ಭಾಗ ಪ್ರೊಸೆಸರ್ ಒಳಗೇ ಇರುವುದು. ಅದರ ಸಾಕೆಟ್ಟಿನಲ್ಲಿ ಒಂದು ಪಿನ್ ಬಾಗಿದರೂ, ಫ್ಯಾನಿನ ನಾಲ್ಕು ಕಾಲಿನಲ್ಲಿ ಒಂದು ಕಳಚಿ ಒತ್ತಡ ಓರೆಯಾದರೂ ಒಂದು ಸ್ಲಾಟ್ ಕಾಣೆಯಾಗಬಹುದು. ಫ್ಯಾನಿನ ಕಾಲು ನೀವೇ ನೋಡಬಹುದು. ಸಾಕೆಟ್ ಬಿಚ್ಚುವುದನ್ನು ಮಾತ್ರ ಕೈ ಪಳಗಿದವರಿಗೆ ಬಿಡಿ.

ಒಂದೊಂದಾಗಿ ಎಲ್ಲ ಬರುತ್ತದೆ, ಒಟ್ಟಿಗೆ ಹಾಕಿದರೆ ಮಾತ್ರ ಬೀಪ್ ಅನ್ನುವುದೂ ಉಂಟು. ಎರಡು ಕಂಪನಿಯ, ಎರಡು ವೇಗದ ರ‍್ಯಾಮ್ ಜೊತೆಗೂಡುವಾಗ ಹೀಗಾಗುತ್ತದೆ. ಆಗ ಬಯೋಸನ್ನು ಹೊಸದಾಗಿ ಶುರು ಮಾಡಿಸಬೇಕು. ಪ್ಲಗ್ ತೆಗೆದು, ಬೋರ್ಡಿನ ಮೇಲಿರುವ ನಾಣ್ಯದಂಥ ಸಿಆರ್2032 ಸೆಲ್ ಐದು ನಿಮಿಷ ಹೊರಗಿಟ್ಟು ಮತ್ತೆ ಹಾಕಿ. 2014ರ ಸೆಲ್ ಇನ್ನೂ ಅದೇ ಆಗಿದ್ದರೆ ಹೊಸದು ಹಾಕಿಬಿಡಿ, ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಆಮೇಲೆ ದಿನಾಂಕ ಸರಿ ಮಾಡಲು ಮರೆಯಬೇಡಿ. ತಾರೀಕು ತಪ್ಪಿದ್ದರೆ ಬ್ಯಾಂಕಿನ ವೆಬ್‌ಸೈಟ್ ಕೂಡ ತೆರೆಯುವುದಿಲ್ಲ. ಇಷ್ಟಾದರೂ ಬರದಿದ್ದರೆ ಒಂದೇ ರ‍್ಯಾಮ್ ಹಾಕಿ ಬಯೋಸ್ ಒಳಗೆ ಹೋಗಿ. ಮೆಮೊರಿ ವೇಗ ಬದಲಿಸುವ ಆಯ್ಕೆ ಇದ್ದರೆ 1600 ಇರುವುದನ್ನು 1333 ಮಾಡಿ, ಸೇವ್ ಮಾಡಿ, ಆಫ್ ಮಾಡಿ ಎರಡನೆಯದು ಹಾಕಿ. ಆಲ್ಬಂ ಕೆಲಸದಲ್ಲಿ ಆ ವ್ಯತ್ಯಾಸ ನಿಮಗೆ ಗೊತ್ತೇ ಆಗುವುದಿಲ್ಲ.

4 ಮತ್ತು 8 ಜೊತೆಗೆ ಹಾಕಬಾರದು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಇಂಟೆಲ್ ಬೋರ್ಡ್ ಎರಡರಿಂದಲೂ 4 ಜಿಬಿ ತೆಗೆದು ಜೋಡಿಯಾಗಿ ನಡೆಸುತ್ತದೆ, ಉಳಿದ 4 ಜಿಬಿಯನ್ನು ಒಂಟಿಯಾಗಿ ನಡೆಸುತ್ತದೆ. ಸಮಾನ ಜೋಡಿ ಇದ್ದರೆ ಸ್ವಲ್ಪ ಚುರುಕು ಜಾಸ್ತಿ, ಅಷ್ಟೇ.

ಬೀಪ್ ನಿಂತಿತು, ಎರಡೂ ರ‍್ಯಾಮ್ ಕೂತವು ಅಂತ ಇಟ್ಟುಕೊಳ್ಳಿ. ಈಗ ನೀಲಿ ಪರದೆ. ಅದರಲ್ಲಿ ಕೆಳಗೆ ಒಂದು ಹೆಸರು ಬರುತ್ತದೆ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಮೆಮೊರಿ ಮ್ಯಾನೇಜ್‌ಮೆಂಟ್ ಅಂತಲೋ, ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ ಅಂತಲೋ ಇದ್ದರೆ ರ‍್ಯಾಮ್ ಮೇಲೆ ಅನುಮಾನ ಬಲವಾಗುತ್ತದೆ. ಪ್ರತಿ ಸಲ ಬೇರೆ ಬೇರೆ ಹೆಸರು ಬಂದರೂ ಅದೇ ಅನುಮಾನ. ಆದರೆ ಹೆಸರು ನೋಡಿ ತೀರ್ಮಾನ ಮಾಡುವ ಹಾಗಿಲ್ಲ. ಕೆಟ್ಟ ಡ್ರೈವರ್ ಕೂಡ ಅದೇ ಹೆಸರು ತೋರಿಸಬಹುದು. ಪರೀಕ್ಷೆಯೇ ಮಾಡಬೇಕು.

ವಿಂಡೋಸ್‌ನಲ್ಲೇ ಒಂದು ಪರೀಕ್ಷೆ ಇದೆ. ಸ್ಟಾರ್ಟ್ ಒತ್ತಿ ಮೆಮೊರಿ ಡಯಾಗ್ನೋಸ್ಟಿಕ್ ಅಂತ ಇಂಗ್ಲಿಷಿನಲ್ಲಿ ಹುಡುಕಿದರೆ ಸಿಗುತ್ತದೆ. ಅದು ತಪ್ಪು ತೋರಿಸಿದರೆ ನಂಬಿ. ತಪ್ಪಿಲ್ಲ ಅಂದರೆ ಅಷ್ಟಕ್ಕೇ ನಿಲ್ಲಿಸಬೇಡಿ, ಅದರ ಜಾಲರಿ ಸ್ವಲ್ಪ ದೊಡ್ಡದು. ಮೆಮ್‌ಟೆಸ್ಟ್86 ಪ್ಲಸ್ ಅನ್ನುವ ಉಚಿತ ಪ್ರೋಗ್ರಾಂ ಇದೆ. ಬೇರೆ ಮಷೀನ್‌ನಲ್ಲಿ ಅದನ್ನು ಪೆನ್‌ಡ್ರೈವ್‌ಗೆ ಹಾಕಿಸಿ, ಆ ಪೆನ್‌ಡ್ರೈವ್‌ನಿಂದಲೇ ನಿಮ್ಮ ಕಂಪ್ಯೂಟರ್ ಶುರು ಮಾಡಿ. ಇದು ವಿಂಡೋಸ್ ಇಲ್ಲದೆ ಓಡುತ್ತದೆ, ಹಾಗಾಗಿ ರ‍್ಯಾಮ್‌ನ ಹೆಚ್ಚುಕಮ್ಮಿ ಎಲ್ಲ ಮೂಲೆಯನ್ನೂ ಮುಟ್ಟಿ ನೋಡುತ್ತದೆ. 12 ಜಿಬಿಗೆ ಒಂದು ಸುತ್ತು ಮುಗಿಯಲು ಗಂಟೆಗಳೇ ಹಿಡಿಯಬಹುದು. ಗುಡುಗು ಇಲ್ಲದ ದಿನ ನೋಡಿ ರಾತ್ರಿ ಬಿಟ್ಟು ಮಲಗಿ.

ಬೆಳಿಗ್ಗೆ ತಪ್ಪಿನ ಲೆಕ್ಕ ಸೊನ್ನೆ ಇರಬೇಕು. ಒಂದೇ ಒಂದು ತಪ್ಪು ಇದ್ದರೂ ಸೊನ್ನೆ ಅಲ್ಲ. ಇಷ್ಟು ಕೋಟಿ ಜಾಗದಲ್ಲಿ ಒಂದು ತಾನೇ ಅಂತ ಸಮಾಧಾನ ಹೇಳುವವರು ಸಿಗುತ್ತಾರೆ. ಆ ಒಂದು ಜಾಗಕ್ಕೆ ಮದುಮಗಳ ಫೋಟೋ ಬಂದು ಕೂರುವ ದಿನ ಬರುತ್ತದೆ. ಕೆಂಪು ಸಾಲು ಕಂಡರೆ ಒಂದೊಂದೇ ರ‍್ಯಾಮ್ ಹಾಕಿ ಮತ್ತೆ ಓಡಿಸಿ, ಯಾವುದು ಅಂತ ಗೊತ್ತಾಗುತ್ತದೆ. ಒಂದೊಂದೂ ಸರಿ, ಜೊತೆಗೆ ಮಾತ್ರ ತಪ್ಪು ಅಂದರೆ ವೇಗವನ್ನು 1333ಕ್ಕೆ ಇಳಿಸಿ ಮತ್ತೆ ನೋಡಿ. ಪರೀಕ್ಷೆ ಸೊನ್ನೆಯಲ್ಲಿ ಮುಗಿದು, ಆಮೇಲೂ ಫೋಟೋಶಾಪ್ ಜೋರಾಗಿ ಓಡುವಾಗ ರೀಸ್ಟಾರ್ಟ್ ಆಗುತ್ತಿದ್ದರೆ ರ‍್ಯಾಮನ್ನು ಬಿಡಿ, ಎಸ್‌ಎಂಪಿಎಸ್ (ಒಳಗೆ ಕರೆಂಟ್ ಪೂರೈಸುವ ಡಬ್ಬಿ) ನೋಡಿಸಿ. 2014ರ ಎಸ್‌ಎಂಪಿಎಸ್‌ನ ಕೆಪಾಸಿಟರ್‌ಗಳು ಇಷ್ಟು ಹೊತ್ತಿಗೆ ದಣಿದಿರುತ್ತವೆ.

ಈಗ 3.41 ಜಿಬಿ. ಇದರಲ್ಲಿ ರ‍್ಯಾಮ್‌ನ ತಪ್ಪೂ ಇಲ್ಲ, ಬೋರ್ಡಿನ ತಪ್ಪೂ ಇಲ್ಲ. ನಿಮ್ಮ ವಿಂಡೋಸ್ 32 ಬಿಟ್‌ನದ್ದು ಇರಬೇಕು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಅಬೌಟ್ ತೆರೆಯಿರಿ. ಸಿಸ್ಟಮ್ ಟೈಪ್ ಎದುರು 32 ಬಿಟ್ ಆಪರೇಟಿಂಗ್ ಸಿಸ್ಟಮ್, ಎಕ್ಸ್64 ಪ್ರೊಸೆಸರ್ ಅಂತ ಇದ್ದರೆ ಅನುಮಾನವೇ ಬೇಡ. 32 ಬಿಟ್‌ನಲ್ಲಿ ಎಣಿಸಬಹುದಾದ ವಿಳಾಸಗಳು 429 ಕೋಟಿ ಚಿಲ್ಲರೆ. ಒಂದು ಬೈಟ್‌ಗೆ ಒಂದು ವಿಳಾಸ, ಅಂದರೆ 4 ಜಿಬಿ. ಅದರಲ್ಲೂ ಗ್ರಾಫಿಕ್ಸ್ ಮತ್ತಿತರ ಭಾಗಗಳಿಗೆ ಒಂದಷ್ಟು ವಿಳಾಸ ಮೀಸಲು. ಉಳಿದದ್ದೇ ನಿಮ್ಮ 3.41. ನೀವು 8 ಅಲ್ಲ, 16 ಜಿಬಿ ಹಾಕಿದರೂ ಆ ಅಂಕಿ ಅಲ್ಲೇ ನಿಲ್ಲುತ್ತದೆ. 4 ಜಿಬಿ ಇದ್ದ ಕಾಲಕ್ಕೆ 32 ಬಿಟ್ ಹಾಕಿಕೊಟ್ಟದ್ದು ಆಗ ತಪ್ಪಾಗಿರಲಿಲ್ಲ. ಈಗ ಬದಲಿಸಬೇಕು.

ನಿಮ್ಮದು 64 ಬಿಟ್ ಅಂತಲೇ ಇದ್ದು ಹೀಗಾಗಿದ್ದರೆ ಮಾತ್ರ ಬೇರೆ ಕಡೆ ಹುಡುಕಬೇಕು. ಸ್ಟಾರ್ಟ್‌ನಲ್ಲಿ ಎಂಎಸ್‌ಕಾನ್ಫಿಗ್ (msconfig) ಅಂತ ಹುಡುಕಿ ತೆರೆದು ಬೂಟ್, ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಮೆಮೊರಿ ಅನ್ನುವಲ್ಲಿ ಟಿಕ್ ಇದ್ದರೆ ತೆಗೆಯಿರಿ.

ನಿಮ್ಮ ಕೆಲಸಕ್ಕೆ ಇದು ಎಷ್ಟು ಮುಖ್ಯ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ. 12×36 ಇಂಚಿನ ಆಲ್ಬಂ ಶೀಟ್, 300 ಡಿಪಿಐ. ಅಂದರೆ 3,600 ಪಿಕ್ಸೆಲ್ ಎತ್ತರ, 10,800 ಪಿಕ್ಸೆಲ್ ಅಗಲ. ಒಟ್ಟು 3 ಕೋಟಿ 88 ಲಕ್ಷ ಪಿಕ್ಸೆಲ್. ಒಂದಕ್ಕೆ ಮೂರು ಬೈಟ್ ಹಿಡಿದರೆ ಒಂದೇ ಒಂದು ಪೂರ್ತಿ ಲೇಯರ್‌ಗೆ ಸುಮಾರು 111 ಎಂಬಿ. ಹಿನ್ನೆಲೆ, ಹೂವಿನ ಡಿಸೈನ್, ನೆರಳು, ನಾಲ್ಕೈದು ಫೋಟೋ ಸೇರಿ ಹತ್ತು ಲೇಯರ್ ಆದರೆ ಒಂದು ಜಿಬಿ ದಾಟುತ್ತದೆ. ಅದರ ಮೇಲೆ ಹಿಂದಕ್ಕೆ ಹೋಗಲು ಫೋಟೋಶಾಪ್ ಇಟ್ಟುಕೊಳ್ಳುವ ಹಿಸ್ಟರಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಜೆಪೆಗ್ ಡಿಸ್ಕಿನಲ್ಲಿ ಕೆಲವೇ ಎಂಬಿ ಇರಬಹುದು, ತೆರೆದರೆ ಅದೂ 70 ಎಂಬಿ ಹತ್ತಿರ. 32 ಬಿಟ್ ವಿಂಡೋಸ್ ಸಾಮಾನ್ಯವಾಗಿ ಒಂದು ಪ್ರೋಗ್ರಾಂಗೆ ಕೊಡುವುದೇ 2 ಜಿಬಿ. ಅಂದ ಮೇಲೆ ನಿಮ್ಮ ಫೋಟೋಶಾಪ್ ದಿನವಿಡೀ ಹಾರ್ಡ್‌ಡಿಸ್ಕಿಗೆ ಬರೆದು ಓದಿ ಮಾಡುತ್ತಿತ್ತು. ಸ್ಲೋ ಆಗಿದ್ದು ಅದಕ್ಕೇ. ರ‍್ಯಾಮ್ ಬೇಕು ಅಂತ ನೀವು ಯೋಚಿಸಿದ್ದು ಸರಿಯೇ ಇತ್ತು.

32ರಿಂದ 64 ಬಿಟ್‌ಗೆ ನೇರ ಅಪ್‌ಗ್ರೇಡ್ ಇಲ್ಲ. ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕು. ರ‍್ಯಾಮ್ ಪರೀಕ್ಷೆ ಸೊನ್ನೆ ಬಂದ ಮೇಲೆಯೇ ಇದಕ್ಕೆ ಕೈ ಹಾಕಿ. ಕ್ರಮ ತಪ್ಪಬಾರದು ಅಂತ ಮೊದಲೇ ಅಂದದ್ದು ಇದಕ್ಕೇ. ಕೆಟ್ಟ ರ‍್ಯಾಮ್ ಇಟ್ಟುಕೊಂಡು ವಿಂಡೋಸ್ ಹಾಕಿದರೆ ಅದರ ಫೈಲ್‌ಗಳೇ ಹಾಳಾಗಿ ಕೂರುತ್ತವೆ. ಆಮೇಲೆ ಯಾವುದರ ತಪ್ಪು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ನನ್ನ ಗಟ್ಟಿ ಸಲಹೆ ಏನೆಂದರೆ, ಹಳೆಯ ಹಾರ್ಡ್‌ಡಿಸ್ಕ್ ಫಾರ್ಮ್ಯಾಟ್ ಮಾಡಲು ಹೋಗಬೇಡಿ. ಒಂದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿಗಿಂತ ವೇಗದ ಡ್ರೈವ್) ತಗೊಳ್ಳಿ. ಹಳೆಯ ಡಿಸ್ಕಿನ ಕೇಬಲ್ ತೆಗೆದಿಟ್ಟು, ಎಸ್‌ಎಸ್‌ಡಿಗೆ ಮಾತ್ರ 64 ಬಿಟ್ ವಿಂಡೋಸ್ ಹಾಕಿ. ಎಲ್ಲ ಸರಿಯಾದ ಮೇಲೆ ಹಳೆಯ ಡಿಸ್ಕನ್ನು ಮತ್ತೆ ಸಿಕ್ಕಿಸಿ. ನಿಮ್ಮ ಒಂದು ಫೈಲೂ ಹೋಗುವುದಿಲ್ಲ. ಅಸಲಿ ಲೈಸೆನ್ಸ್ ಇದ್ದರೆ ಅದೇ ಎಡಿಷನ್‌ನ 64 ಬಿಟ್‌ಗೂ ಅದು ನಡೆಯುತ್ತದೆ, ಮತ್ತೆ ಕೊಳ್ಳಬೇಕಿಲ್ಲ. ಫೋಟೋಶಾಪ್ ಕೂಡ 64 ಬಿಟ್‌ನದ್ದೇ ಹಾಕಿ. ಹಳೆಯ 32 ಬಿಟ್ ಆವೃತ್ತಿ ತಂದು ಹಾಕಿದರೆ ಅದು 12 ಜಿಬಿಯನ್ನು ಬಳಸಲಾರದು. ಪ್ರಿಫರೆನ್ಸ್‌ನಲ್ಲಿ ಪರ್ಫಾರ್ಮೆನ್ಸ್ ತೆರೆದರೆ ಎಷ್ಟು ಮೆಮೊರಿ ಬಳಸಬೇಕು ಅನ್ನುವ ಗೆರೆ ಇದೆ. ಸಾಮಾನ್ಯವಾಗಿ 70 ಶೇಕಡಾದಲ್ಲಿ ಇರುತ್ತದೆ, ಅಲ್ಲೇ ಇರಲಿ. ಸ್ಕ್ರ್ಯಾಚ್ ಡಿಸ್ಕ್ (ಮೆಮೊರಿ ಸಾಲದಾಗ ಫೋಟೋಶಾಪ್ ಬರೆದಿಡುವ ಜಾಗ) ಮಾತ್ರ ಎಸ್‌ಎಸ್‌ಡಿಗೆ ಬದಲಿಸಿ.

ಇನ್ನೊಂದು ವಿಷಯ ಮುಚ್ಚಿಡುವುದು ಸರಿಯಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ನಾಲ್ಕನೇ ತಲೆಮಾರಿನ ಪ್ರೊಸೆಸರ್‌ಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ, ಇಂಟೆಲ್‌ನಲ್ಲಿ ಅದು ಎಂಟನೇ ತಲೆಮಾರಿನಿಂದ ಶುರು. ಹಾಗಾಗಿ ಈ ಮಷೀನನ್ನು ಡಿಸೈನ್ ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳಿ. ಬ್ಯಾಂಕ್, ಯುಪಿಐ, ಮೇಲ್ ಎಲ್ಲ ಬೇರೆಡೆ ಮಾಡಿ. ಒಂದೆರಡು ಸೀಸನ್ ಆದ ಮೇಲೆ ಹೊಸದು ಬೇಕಾಗುತ್ತದೆ. ಆದರೆ ಅದನ್ನು ನೀವು ಲೆಕ್ಕ ಹಾಕಿ, ದುಡ್ಡು ಕೂಡಿಸಿ ತಗೊಳ್ಳುತ್ತೀರಿ. ಬೀಪ್ ಸದ್ದಿಗೆ ಹೆದರಿ ಅಲ್ಲ. ಎಸ್‌ಎಸ್‌ಡಿಯನ್ನು ಹೊಸ ಮಷೀನ್‌ಗೂ ಹಾಕಬಹುದು. ಡಿಡಿಆರ್3 ರ‍್ಯಾಮ್ ಮಾತ್ರ ಅಲ್ಲಿಗೆ ಬರುವುದಿಲ್ಲ. ಡಿಡಿಆರ್4, ಡಿಡಿಆರ್5ಕ್ಕೆ ಕಚ್ಚಿನ ಜಾಗವೇ ಬೇರೆ. ಅದಕ್ಕೇ ಈ ಮಷೀನ್‌ಗೆ ಇನ್ನೂ ರ‍್ಯಾಮ್ ಸುರಿಯುವುದು ನನಗೆ ಸರಿ ಕಾಣುವುದಿಲ್ಲ. 12 ಸಾಕು.

ಹೊಸ ರ‍್ಯಾಮ್ ಪರೀಕ್ಷೆಯಲ್ಲಿ ಸೋತು ಬೇರೆ ತರಿಸಬೇಕಾಗಿ ಬಂದರೆ ಸ್ಟಿಕ್ಕರ್ ಓದಿ ತಗೊಳ್ಳಿ. ನಿಮಗೆ ಬೇಕಾದದ್ದು ಪಿಸಿ3-12800ಯು ಅಥವಾ ಪಿಸಿ3ಎಲ್-12800ಯು. ಕೊನೆಯ ಅಕ್ಷರ ಯು ಅಂದರೆ ಸಾಮಾನ್ಯ ಡೆಸ್ಕ್‌ಟಾಪ್‌ನದ್ದು. ಆರ್ ಇದ್ದರೆ ಸರ್ವರ್‌ನದ್ದು. ಅದು ಸ್ಲಾಟಿಗೆ ಕೂರುತ್ತದೆ, ಮಷೀನ್ ಮಾತ್ರ ಏಳುವುದಿಲ್ಲ. ಎಸ್ ಅಂದರೆ ಲ್ಯಾಪ್‌ಟಾಪ್‌ನದ್ದು. ತುಂಬಾ ಅಗ್ಗಕ್ಕೆ 8 ಜಿಬಿ ಡಿಡಿಆರ್3 ಕಂಡರೆ ವಿವರಣೆಯ ಕೊನೆವರೆಗೆ ಓದಿ. ಎಎಂಡಿಗೆ ಮಾತ್ರ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಅದು ನಿಮ್ಮ ಇಂಟೆಲ್‌ನಲ್ಲಿ ಓಡುವುದಿಲ್ಲ. 8 ಜಿಬಿ ರ‍್ಯಾಮ್‌ನಲ್ಲಿ ಎರಡೂ ಬದಿ ಸೇರಿ 16 ಚಿಪ್ ಇರುವುದೇ ನಿಮ್ಮ ಬೋರ್ಡ್‌ಗೆ ಸುರಕ್ಷಿತ. ಮಂಗಳೂರಿನಲ್ಲೋ ಉಡುಪಿಯಲ್ಲೋ ಅಂಗಡಿಗೆ ಹೋಗಿ ತಗೊಳ್ಳುವುದಾದರೆ ಹಳೆಯ ರ‍್ಯಾಮನ್ನು ಸ್ಥಿರ ವಿದ್ಯುತ್ ತಡೆಯುವ (ಆಂಟಿಸ್ಟ್ಯಾಟಿಕ್) ಕವರಿನಲ್ಲಿಟ್ಟು ಜೊತೆಗೆ ಒಯ್ಯಿರಿ. ಬರದಿದ್ದರೆ ವಾಪಸ್ ತಗೊಳ್ಳುತ್ತೀರಾ ಅಂತ ಬಿಲ್ ಮಾಡುವ ಮೊದಲೇ ಕೇಳಿ.

ಮಳೆಗಾಲ ಮುಗಿಯುವವರೆಗೆ ಮಷೀನನ್ನು ದಿನಕ್ಕೆ ಒಂದರ್ಧ ಗಂಟೆಯಾದರೂ ಆನ್ ಮಾಡಿ. ಒಳಗಿನ ಬಿಸಿಗೆ ತೇವ ಆರುತ್ತದೆ. ಕಡಲ ಕಡೆಯ ಕಿಟಕಿಯಿಂದ, ತೇವ ಹಿಡಿದ ಗೋಡೆಯಿಂದ ಸ್ವಲ್ಪ ದೂರ ಇಡಿ. ಆಫ್ ಮಾಡಿದ ಕೂಡಲೇ ಪ್ಲಾಸ್ಟಿಕ್ ಕವರ್ ಹೊದಿಸಬೇಡಿ, ತಣಿದ ಮೇಲೆ ಹೊದಿಸಿ. ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತದಾ ಅಂತಲೂ ಗಮನಿಸಿ. ಅಂದರೆ ಅರ್ಥಿಂಗ್ ಸರಿ ಇಲ್ಲ. ಮೊದಲು ಎಲೆಕ್ಟ್ರಿಷಿಯನ್‌ಗೆ ಹೇಳಿ, ಆಮೇಲೆ ಉಳಿದದ್ದು. ರ‍್ಯಾಮ್‌ಗೂ ಒಳ್ಳೆಯದಲ್ಲ, ನಿಮ್ಮ ಜೀವಕ್ಕೂ ಒಳ್ಳೆಯದಲ್ಲ.

ಇಷ್ಟೆಲ್ಲ ಮಾಡಿಯೂ ಒಂದು ರ‍್ಯಾಮ್ ಕೂಡ ಒಂದು ಸ್ಲಾಟಿನಲ್ಲೂ ಬರದಿದ್ದರೆ ಆಗ ಅಂಗಡಿಗೆ ಒಯ್ಯಿರಿ. ಅವರ ಹತ್ತಿರ ಇರುವ, ಬೇರೆ ಮಷೀನ್‌ನಲ್ಲಿ ಓಡುತ್ತಿರುವ ಡಿಡಿಆರ್3 ರ‍್ಯಾಮನ್ನು ನಿಮ್ಮ ಎದುರೇ ಹಾಕಿ ತೋರಿಸಲು ಹೇಳಿ. ಅದೂ ಬೀಪ್ ಹೊಡೆದರೆ ಬೋರ್ಡ್ ಅಥವಾ ಪ್ರೊಸೆಸರ್ ಅಂತ ಒಪ್ಪಬಹುದು. ಅದಕ್ಕೂ ಮೊದಲು ನಿಮ್ಮ ಚೀಟಿಯ ನಾಲ್ಕು ಸಾಲು, ನೀಲಿ ಪರದೆಯ ಫೋಟೋ, ಎರಡೂ ರ‍್ಯಾಮ್‌ನ ಸ್ಟಿಕ್ಕರ್ ಫೋಟೋ ನನಗೆ ಕಳಿಸಿ. ನೋಡಿ ಹೇಳುತ್ತೇನೆ.